ಹಳಿ ಕಿತ್ತ ಮೇಲೂ ಉಳಿದ ದಾರಿ: ಪಶ್ಚಿಮ ಘಟ್ಟದ ಹಳೆಯ ರೈಲು ಕುರುಹುಗಳನ್ನು ನೋಡಲು ಎಲ್ಲಿ ಬಿಡಾರ ಹೂಡಬೇಕು?

ಬೆಟ್ಟದಲ್ಲಿ ಎರಡು ರಾತ್ರಿ ಬಿಡಾರ ಹೂಡಿ, ಹಗಲಿನಲ್ಲಿ ಹಳೆಯ ರೈಲು ಮಾರ್ಗವೊಂದರ ಕುರುಹುಗಳನ್ನು ಹುಡುಕುತ್ತ ನಡೆಯಬೇಕೆಂದು ಹೊರಡುವ ಕನ್ನಡಿಗರ ಬಾಯಲ್ಲಿ ಮೊದಲು ಬರುವ ಹೆಸರು ಸಕಲೇಶಪುರ. ಸ್ವಲ್ಪ ವಿಚಾರಿಸಿದರೆ ಕೇರಳದ ಪರಂಬಿಕುಳಂ, ಮುನ್ನಾರ್ ಮೇಲಿನ ಟಾಪ್ ಸ್ಟೇಷನ್, ಮಹಾರಾಷ್ಟ್ರದ ಖಂಡಾಲ ಬಳಿಯ ಭೋರ್ ಘಾಟ್ ಎಂಬ ಇನ್ನೂ ಮೂರು ಹೆಸರುಗಳು ಸಿಗುತ್ತವೆ. ನಾಲ್ಕೂ ಪಶ್ಚಿಮ ಘಟ್ಟದ ಮೈಮೇಲಿನ ಜಾಗಗಳೇ ಆದರೂ ಅಲ್ಲಿ ಉಳಿದಿರುವ ವಸ್ತು ಬೇರೆ, ನಡೆಯಲು ಸಿಗುವ ಅನುಮತಿ ಬೇರೆ, ರಾತ್ರಿ ಕಳೆಯುವ ಬಗೆಯೂ ಬೇರೆ. ಚಿತ್ರಗಳನ್ನಷ್ಟೇ ನೋಡಿ ಜಾಗ ಆರಿಸಿಕೊಂಡವರು ಗೇಟಿನಿಂದಲೇ ಹಿಂದಿರುಗಿದ್ದನ್ನು ನಾನು ಕಂಡಿದ್ದೇನೆ. ಹೊರಡುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಳ್ಳಬೇಕು: ಆ ಮಾರ್ಗದಲ್ಲಿ ಇಂದಿಗೂ ರೈಲು ಓಡುತ್ತಿದೆಯೇ? ಕುರುಹುಗಳಿಗೆ ಹತ್ತಿರದಲ್ಲಿ, ಕಾನೂನಿಗೆ ಒಪ್ಪುವ ರೀತಿಯಲ್ಲಿ, ರಾತ್ರಿ ತಂಗಲು ಸಾಧ್ಯವೇ? ಈ ಎರಡನ್ನು ಮುಂದಿಟ್ಟುಕೊಂಡು ನೋಡಿದರೆ ನಾಲ್ಕು ಹೆಸರುಗಳಲ್ಲಿ ಎರಡು ತಾವಾಗಿಯೇ ಹಿಂದೆ ಸರಿಯುತ್ತವೆ.

ಸಕಲೇಶಪುರವನ್ನು ಪಟ್ಟಿಯಿಂದ ಏಕೆ ತೆಗೆಯಬೇಕು

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳೂ ನೂರಕ್ಕಿಂತ ಹೆಚ್ಚು ಸೇತುವೆಗಳೂ ಇವೆ. 1979ರಲ್ಲಿ ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರ) ಆಗಿ ತೆರೆದ ಈ ಮಾರ್ಗವನ್ನು ಹೆಚ್ಚು ಅಗಲದ ಬ್ರಾಡ್ ಗೇಜಿಗೆ ಬದಲಿಸಲು 1996ರಲ್ಲಿ ಮುಚ್ಚಲಾಯಿತು. ಹತ್ತು ವರ್ಷ ಇಲ್ಲಿ ಗಾಡಿ ಓಡಲಿಲ್ಲ. ಬೆಂಗಳೂರಿನ ಒಂದು ಇಡೀ ತಲೆಮಾರಿನ ಚಾರಣಿಗರು ಎಡಕುಮೇರಿ ನಿಲ್ದಾಣದ ಜಗಲಿಯಲ್ಲಿ ಮಲಗಿ, ಟಾರ್ಚ್ ಹಿಡಿದು ಸುರಂಗಗಳನ್ನು ದಾಟಿ, 'ಹಸಿರು ಹಾದಿ' ಎಂಬ ಹೆಸರನ್ನು ಊರೆಲ್ಲ ಹಬ್ಬಿಸಿದ್ದು ಆ ವರ್ಷಗಳಲ್ಲಿ. ಆದರೆ 2006ರಲ್ಲಿ ಸರಕು ಗಾಡಿಗಳೂ 2007ರ ಕೊನೆಯಲ್ಲಿ ಪ್ರಯಾಣಿಕರ ಗಾಡಿಗಳೂ ಮತ್ತೆ ಆರಂಭವಾದವು. ಇಂದು ಅದು ಹಗಲೂ ರಾತ್ರಿಯೂ ರೈಲು ಓಡುವ ಮಾರ್ಗ. ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೇ ವಿಧಿಯ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದಾದ ಅಪರಾಧ. ದಂಡಕ್ಕಿಂತ ದೊಡ್ಡ ಮಾತು ಪ್ರಾಣದ್ದು: ತಿರುವಿನಲ್ಲಿರುವ ಸುರಂಗದೊಳಗೆ ಗಾಡಿಯ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ಕಿವಿಗೆ ತಿಳಿಯುವುದಿಲ್ಲ. ದೂಧ್‌ಸಾಗರದ ಹಳಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಈ ಘಾಟಿಯನ್ನು ಹಗಲಿನ ರೈಲಿನ ಕಿಟಕಿಯಿಂದ ನೋಡಿ. ಅದು ಬಹಳ ಸೊಗಸಾದ ಪ್ರಯಾಣ. ಬಿಡಾರ ಹೂಡಿ ಕುರುಹು ಹುಡುಕುವವರಿಗೆ ಬೇಕಾದದ್ದು ಹಳಿ ಕಿತ್ತು ಹೋದ, ಗಾಡಿ ಮತ್ತೆಂದೂ ಬಾರದ ಮಾರ್ಗ.

ಹಳಿ ಇಲ್ಲದಿದ್ದರೆ ನೋಡುವುದು ಏನನ್ನು?

ಇದು ಎಲ್ಲರೂ ಕೇಳುವ ಪ್ರಶ್ನೆ. ಮಲೆನಾಡಿನ ಕಾಲುದಾರಿ ಮನುಷ್ಯನ ದಮ್ಮಿಗೆ ತಕ್ಕಂತೆ ಏರುತ್ತದೆ: ಸ್ವಲ್ಪ ಕಡಿದಾಗಿ ಹತ್ತಿ, ಸ್ವಲ್ಪ ಸಮತಟ್ಟಾಗಿ, ಮತ್ತೆ ಕಡಿದಾಗಿ. ರೈಲು ದಾರಿಗೆ ಆ ಸ್ವಾತಂತ್ರ್ಯವಿಲ್ಲ. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಜಾರುವುದರಿಂದ ಇಳಿಜಾರು ಸ್ವಲ್ಪವೇ ಹೆಚ್ಚಾದರೂ ಎಂಜಿನ್ ಸೋಲುತ್ತದೆ. ಸಕಲೇಶಪುರ ಘಾಟಿಯಲ್ಲಿ ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರುತ್ತದೆ. ಬಹಳ ಕಡಿದೆನಿಸಿಕೊಂಡ ಭೋರ್ ಘಾಟಿಯಲ್ಲಿಯೂ ಮೂವತ್ತೇಳಕ್ಕೆ ಒಂದು. ಹೀಗಾಗಿ ಕಾಡಿನ ನಡುವೆ ಒಂದು ದಾರಿ ಗುಡ್ಡದ ಸೊಂಟವನ್ನು ಬಳಸಿಕೊಂಡು, ಕಾಲಿಗೆ ಏರು ತಿಳಿಯದ ಹಾಗೆ, ಒಂದೇ ಸಮನಾಗಿ ಸಾಗುತ್ತಿದ್ದರೆ ಅನುಮಾನಿಸಿ ನೋಡಬೇಕು. ಒಂದು ಪಕ್ಕದಲ್ಲಿ ನೇರವಾಗಿ ಕಡಿದ ದರೆ, ಇನ್ನೊಂದು ಪಕ್ಕದಲ್ಲಿ ತುಂಬಿಸಿದ ಮಣ್ಣು, ತೊರೆ ಅಡ್ಡ ಬಂದಲ್ಲೆಲ್ಲ ಕಲ್ಲು ಕಟ್ಟಿದ ಸಣ್ಣ ಮೋರಿ, ಎಲೆಗೊಬ್ಬರವನ್ನು ಕೋಲಿನಿಂದ ಸರಿಸಿದರೆ ಆ ಮಣ್ಣಿಗೆ ಸೇರದ ಚೂಪು ಜಲ್ಲಿ ಕಂಡರೆ, ನೀವು ನಿಂತಿರುವುದು ಹಳೆಯ ರೈಲಿನ ನೆಲದ ಮೇಲೆ. ಇಷ್ಟನ್ನು ಓದಲು ಕಲಿತವರಿಗೆ ಹಳಿಯ ತುಂಡೊಂದು ಸಿಗದಿದ್ದರೂ ದಿನ ವ್ಯರ್ಥವಾಗುವುದಿಲ್ಲ.

ಪರಂಬಿಕುಳಂ: ಕಾಡು ನುಂಗಿದ ಟ್ರಾಮ್

ನಾಲ್ಕರಲ್ಲಿ ನನ್ನ ಮೊದಲ ಆಯ್ಕೆ ಇದು, ಮತ್ತು ಎಲ್ಲರಿಗೂ ಹೊಂದದ ಆಯ್ಕೆಯೂ ಇದೇ. ಕೊಚ್ಚಿ ಸಂಸ್ಥಾನವು ತನ್ನ ಒಳಕಾಡಿನ ತೇಗ ಮತ್ತು ಬೀಟೆ ಮರವನ್ನು ಬಯಲಿಗೆ ಇಳಿಸಲು ಚಾಲಕ್ಕುಡಿಯಿಂದ ಪರಂಬಿಕುಳಂ ಕಾಡಿನೊಳಗೆ ಸುಮಾರು 80 ಕಿಲೋಮೀಟರ್ ಉದ್ದದ ಮೀಟರ್ ಗೇಜ್ ಅರಣ್ಯ ಟ್ರಾಮ್ ಹಾಕಿಸಿತು. 1907ರಲ್ಲಿ ಆರಂಭವಾದ ಅದು 1963ರಲ್ಲಿ ಮುಚ್ಚಿತು. 1902ರಲ್ಲಿ ಶೋರನೂರು–ಕೊಚ್ಚಿ ರೈಲು ಬಂದಿದ್ದರಿಂದ ಚಾಲಕ್ಕುಡಿಗೆ ಇಳಿದ ಮರ ಅಲ್ಲಿಂದ ನೇರವಾಗಿ ಬಂದರಿಗೆ ಹೋಗುತ್ತಿತ್ತು.

ಈ ಟ್ರಾಮಿನ ಜಾಣತನವಿದ್ದದ್ದು ಅದರ ಇಳಿಜಾರುಗಳಲ್ಲಿ. ಎಂಜಿನ್ ಹತ್ತಲಾಗದ ಕಡಿದಾದ ಭಾಗಗಳಲ್ಲಿ ಮೇಲಿನ ತುದಿಯಲ್ಲಿ ದೊಡ್ಡ ಉರುಳೆಯೊಂದನ್ನು ನಿಲ್ಲಿಸಿ ಅದಕ್ಕೆ ಉಕ್ಕಿನ ಹಗ್ಗ ಸುತ್ತುತ್ತಿದ್ದರು. ಹಗ್ಗದ ಒಂದು ತುದಿಗೆ ಮೇಲಿರುವ ಮರ ತುಂಬಿದ ವ್ಯಾಗನ್, ಇನ್ನೊಂದು ತುದಿಗೆ ಕೆಳಗಿರುವ ಖಾಲಿ ವ್ಯಾಗನ್. ತುಂಬಿದ್ದು ತನ್ನ ಭಾರದಿಂದಲೇ ಇಳಿಯುತ್ತ ಖಾಲಿಯದನ್ನು ಮೇಲಕ್ಕೆಳೆಯುತ್ತಿತ್ತು. ಉರುಳೆಯ ಬ್ರೇಕು ಹಿಡಿದವನ ಕೈಯಲ್ಲಿ ಎರಡರ ವೇಗವೂ ಇರುತ್ತಿತ್ತು. ನಮ್ಮ ಊರಿನ ರಾಟೆ ಬಾವಿಯಲ್ಲಿ ಒಂದು ಕೊಡ ಇಳಿದಾಗ ಇನ್ನೊಂದು ಏರುವುದನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಕಾಡಿನಲ್ಲಿ ನೇರವಾದ, ರೈಲಿಗೆ ಅಸಾಧ್ಯವೆನಿಸುವಷ್ಟು ಕಡಿದಾದ ಅಗಲ ಪಟ್ಟಿಯೊಂದು ಮರಗಳ ನಡುವೆ ಕೆಳಗಿಳಿದಿದ್ದರೆ, ಮೇಲೆ ಹೇಳಿದ 'ಒಂದೇ ಸಮನಾದ ಏರು' ಎಂಬ ಗುರುತಿಗೆ ಅದು ಅಪವಾದವೆಂದು ತಿಳಿಯಬೇಕು.

ಪಕ್ಷಿತಜ್ಞ ಸಲೀಂ ಅಲಿ 1933ರಲ್ಲಿ ತಿರುವಾಂಕೂರು–ಕೊಚ್ಚಿ ಪಕ್ಷಿ ಸಮೀಕ್ಷೆಗಾಗಿ ಇದೇ ಕಾಡಿನ ಕುರಿಯಾರ್‌ಕುಟ್ಟಿಯಲ್ಲಿ ತಂಗಿದ್ದರು. ಆ ಕಡೆಯ ಹಾದಿಯಲ್ಲಿ ನಮ್ಮೊಂದಿಗೆ ಬಂದಿದ್ದ ಕಾಡರ್ ಸಮುದಾಯದ ಮಾರ್ಗದರ್ಶಕರು ಒಂದೆಡೆ ನಿಂತು, ಕತ್ತಿಯ ಹಿಂಬದಿಯಿಂದ ದರೆಯ ಪಾಚಿಯನ್ನು ಅಂಗೈ ಅಗಲದಷ್ಟು ಸರಿಸಿದರು. ಕೆಳಗೆ ಕಪ್ಪು ಬಂಡೆ, ಅದರಲ್ಲಿ ಬೆರಳು ಹಿಡಿಸುವಷ್ಟು ಅಗಲದ ಅರ್ಧ ಕೊಳವೆಯಂಥ ಉದ್ದ ಗೀರು. ಮದ್ದು ತುಂಬಿ ಬಂಡೆ ಸಿಡಿಸಲು ಉಳಿಯಿಂದ ಕೊರೆದ ತೂತಿನ ಉಳಿದ ಅರ್ಧ ಅದು. ನೂರು ವರ್ಷಕ್ಕೂ ಹಿಂದೆ ಅಲ್ಲಿ ಒಬ್ಬ ಉಳಿ ಹಿಡಿದು, ಇನ್ನೊಬ್ಬ ಸುತ್ತಿಗೆ ಬೀಸಿದ ಜಾಗ. ಮಾರ್ಗದರ್ಶಕರು ಪಾಚಿಯನ್ನು ಮತ್ತೆ ಅಲ್ಲಿಗೇ ಒತ್ತಿ ಮುಂದೆ ನಡೆದರು. ಮಾರ್ಗದರ್ಶಕರಿಲ್ಲದೆ ಈ ಕಾಡಿನಲ್ಲಿ ಏನೂ ಕಾಣುವುದಿಲ್ಲ ಎನ್ನಲು ಇದೊಂದು ಉದಾಹರಣೆ ಸಾಕು.

ಅನಾನುಕೂಲಗಳೂ ಇವೆ. ಪರಂಬಿಕುಳಂ ಹುಲಿ ಸಂರಕ್ಷಿತ ಪ್ರದೇಶ. ಕೇರಳದ ಪಾಲಕ್ಕಾಡ್ ಜಿಲ್ಲೆಗೆ ಸೇರಿದ್ದರೂ ರಸ್ತೆ ಇರುವುದು ತಮಿಳುನಾಡಿನ ಪೊಳ್ಳಾಚಿ, ಸೇತುಮಡೈ, ಟಾಪ್ ಸ್ಲಿಪ್ ಮೂಲಕವೇ. ಹೀಗಾಗಿ ಎರಡು ರಾಜ್ಯಗಳ ಅರಣ್ಯ ತಪಾಸಣಾ ಗೇಟುಗಳನ್ನು ದಾಟಬೇಕು, ಸಂಜೆಯ ನಂತರ ಬಿಡುವುದಿಲ್ಲ. ಸ್ವಂತ ಟೆಂಟು ಹೊತ್ತು ಹೋಗಿ ಬೇಕಾದಲ್ಲಿ ಹೂಡಲು ಅವಕಾಶವಿಲ್ಲ. ಆನಪ್ಪಾಡಿಯಲ್ಲಿ ಅರಣ್ಯ ಇಲಾಖೆಯೇ ನಿಲ್ಲಿಸಿರುವ ಟೆಂಟುಗಳು, ಬೇರೆಡೆ ಮರದ ಮೇಲಿನ ಮನೆಗಳು ಇವೆ. ಅವನ್ನು ಮೊದಲೇ ಕಾಯ್ದಿರಿಸಿಕೊಳ್ಳಬೇಕು. ಯಾವ ನಡಿಗೆಯ ಹಾದಿ ಯಾವ ತಿಂಗಳಲ್ಲಿ ತೆರೆದಿರುತ್ತದೆ ಎಂಬುದು ಇಲಾಖೆಯ ತೀರ್ಮಾನ. ಕಾಯ್ದಿರಿಸುವಾಗಲೇ 'ಹಳೆಯ ಟ್ರಾಮ್ ದಾರಿಯ ಕಡೆ ನಡಿಗೆ ಇದೆಯೇ' ಎಂದು ಸ್ಪಷ್ಟವಾಗಿ ಕೇಳದಿದ್ದರೆ ಸಫಾರಿ ವಾಹನದಲ್ಲಿ ಕನ್ನಿಮಾರ ತೇಗದ ಮರವನ್ನು ನೋಡಿ ಹಿಂದಿರುಗಬೇಕಾಗಬಹುದು. ಆ ಮರವೂ ಸಾಮಾನ್ಯವಾದದ್ದಲ್ಲ: ನಾಲ್ಕು ಶತಮಾನಗಳಿಗಿಂತ ಹಳೆಯದು, ಬುಡದ ಸುತ್ತಳತೆ ಸುಮಾರು ಏಳು ಮೀಟರ್. ಟ್ರಾಮ್ ಹೊತ್ತು ಹೋದ ಸಾವಿರಾರು ಮರಗಳು ಎಂಥವಿದ್ದವು ಎಂದು ತಿಳಿಯಲು ಅದರ ಕೆಳಗೆ ಐದು ನಿಮಿಷ ನಿಲ್ಲಬೇಕು.

ಮುನ್ನಾರ್–ಟಾಪ್ ಸ್ಟೇಷನ್: ನೆರೆಗೆ ಕೊಚ್ಚಿಹೋದ ರೈಲು

ಇಲ್ಲಿಯ ಕಥೆ ಚಹಾದ್ದು. ಕಣ್ಣನ್ ದೇವನ್ ಬೆಟ್ಟಗಳ ಚಹಾ ಪೆಟ್ಟಿಗೆಗಳನ್ನು ಸಾಗಿಸಲು 1902ರಲ್ಲಿ ಮುನ್ನಾರಿನಿಂದ ಕುಂಡಳ ಕಣಿವೆಯ ಮೂಲಕ ಒಂದೇ ಹಳಿಯ ಮಾರ್ಗ ಹಾಕಿದರು. ಗಾಡಿಯ ಭಾರದ ಬಹುಪಾಲನ್ನು ಆ ಒಂದು ಹಳಿಯ ಮೇಲೆ ಓಡುವ ಸಣ್ಣ ಗಾಲಿಗಳು ಹೊರುತ್ತಿದ್ದವು. ಪಕ್ಕಕ್ಕೆ ಚಾಚಿದ ದೊಡ್ಡ ಗಾಲಿಯೊಂದು ರಸ್ತೆಯ ಮೇಲೆ ಉರುಳುತ್ತ ಗಾಡಿ ವಾಲದಂತೆ ತಡೆಯುತ್ತಿತ್ತು. ಎಳೆಯುತ್ತಿದ್ದದ್ದು ಎತ್ತುಗಳು. ಇದೇ ಪದ್ಧತಿಯ ಪಟಿಯಾಲಾ ಸಂಸ್ಥಾನದ ಗಾಡಿ ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಮೊದಲು ನೋಡಿದವರಿಗೆ ಮುನ್ನಾರಿನ ಚಿತ್ರ ಕಣ್ಣಿಗೆ ಕಟ್ಟುತ್ತದೆ. 1908ರಲ್ಲಿ ಇದು ಎರಡು ಅಡಿ ಅಗಲದ ನ್ಯಾರೋ ಗೇಜ್ ರೈಲಾಯಿತು. ಟಾಪ್ ಸ್ಟೇಷನ್ನಿನಿಂದ ಪೆಟ್ಟಿಗೆಗಳು ತೂಗು ಹಗ್ಗದ ದಾರಿಯಲ್ಲಿ ತಮಿಳು ಬಯಲಿಗೆ ಇಳಿದು, ಅಲ್ಲಿಂದ ಗಾಡಿಯಲ್ಲಿ ಬೋಡಿನಾಯಕ್ಕನೂರಿಗೆ, ಮುಂದೆ ತೂತ್ತುಕುಡಿ ಬಂದರಿಗೆ ಹೋಗುತ್ತಿದ್ದವು. 1924ರ ಜುಲೈ ತಿಂಗಳ ಮಹಾಪ್ರವಾಹ ರೈಲನ್ನು ಪೂರ್ತಿಯಾಗಿ ನಾಶ ಮಾಡಿತು. ಮಲಯಾಳಿಗಳು ಕೊಲ್ಲಂ ಶಕೆಯ 1099ನೇ ವರ್ಷವನ್ನು ನೆನೆದು ಅದನ್ನು ಇಂದಿಗೂ 'ತೊಂಬತ್ತೊಂಬತ್ತರ ನೆರೆ' ಎಂದೇ ಕರೆಯುತ್ತಾರೆ. ಮತ್ತೆ ಯಾರೂ ಹಳಿ ಹಾಕಲಿಲ್ಲ. ಕೆಳಗಿನ ಬೋಡಿನಾಯಕ್ಕನೂರಿಗೆ (ಜನರ ಬಾಯಲ್ಲಿ ಬೋಡಿ) ಮಧುರೆಯಿಂದ ರೈಲು ಬಂದದ್ದು 1928ರಲ್ಲಿ, ಮೇಲಿನ ರೈಲು ಹೋಗಿ ನಾಲ್ಕು ವರ್ಷದ ಮೇಲೆ.

ಪರಂಬಿಕುಳಂನಲ್ಲಿ ಕುರುಹುಗಳು ಕಾಡಿನೊಳಗೆ ಅಡಗಿದ್ದರೆ ಇಲ್ಲಿ ಅವು ಊರಿನೊಳಗೆ ಬೆರೆತುಹೋಗಿವೆ. ಮುನ್ನಾರಿನ ಹಳೆಯ ರೈಲು ನಿಲ್ದಾಣ ಈಗ ಚಹಾ ಕಂಪನಿಯ ಕಚೇರಿ. ಅಲ್ಯೂಮಿನಿಯಂ ಸೇತುವೆ ಎಂದು ಊರವರು ಕರೆಯುವ ಸೇತುವೆ ಆ ಮಾರ್ಗಕ್ಕೇ ಸೇರಿದ್ದು. ನಲ್ಲತ್ತಣ್ಣಿ ತೋಟದಲ್ಲಿರುವ ಚಹಾ ವಸ್ತುಸಂಗ್ರಹಾಲಯದಲ್ಲಿ ಆ ರೈಲಿನ ಎಂಜಿನ್ನಿನ ಗಾಲಿಯೊಂದನ್ನು ಇಟ್ಟಿದ್ದಾರೆ. ಅದರ ಅಂಚಿನ ಸವೆತವನ್ನು ಕಣ್ಣಳತೆಯಲ್ಲಿ ನೋಡಿದರೆ ತಿರುವುಗಳು ಎಷ್ಟು ಇಕ್ಕಟ್ಟಾಗಿದ್ದವೆಂದು ಊಹಿಸಬಹುದು. ಅಲ್ಲಿಂದ ಮಾಟ್ಟುಪ್ಪೆಟ್ಟಿ, ಕುಂಡಳ ದಾಟಿ ಟಾಪ್ ಸ್ಟೇಷನ್‌ವರೆಗಿನ ಸುಮಾರು 32 ಕಿಲೋಮೀಟರ್ ರಸ್ತೆ ಹಳೆಯ ರೈಲು ಸಾಗಿದ ಕಣಿವೆಯಲ್ಲೇ ಹೋಗುತ್ತದೆ. ಟಾಪ್ ಸ್ಟೇಷನ್ನಿನಲ್ಲಿ ಹಗ್ಗದ ದಾರಿಯ ಕಟ್ಟಡದ ಅವಶೇಷಗಳಿವೆ. ನನಗೆ ಎಲ್ಲಕ್ಕಿಂತ ಗಟ್ಟಿಯಾದ ಕುರುಹು ಎನಿಸುವುದು ಹೆಸರುಗಳು: ಬೆಟ್ಟದ ತುದಿಯಲ್ಲಿ ಟಾಪ್ ಸ್ಟೇಷನ್, ಇಳಿಯುವ ಹಾದಿಯ ನಡುವೆ ಸೆಂಟ್ರಲ್ ಸ್ಟೇಷನ್. ನೂರು ವರ್ಷದಿಂದ ಒಂದು ಗಾಡಿಯೂ ನಿಲ್ಲದ ಊರುಗಳನ್ನು ಜನ ಇನ್ನೂ ಸ್ಟೇಷನ್ ಎಂದೇ ಕರೆಯುತ್ತಾರೆ.

ವಾಸ್ತವ್ಯದ ದೃಷ್ಟಿಯಿಂದ ಇದು ಸುಲಭದ ಜಾಗ. ಟಾಪ್ ಸ್ಟೇಷನ್ ಮತ್ತು ಸೂರ್ಯನೆಲ್ಲಿಯ ಕಡೆ ಖಾಸಗಿ ಜಮೀನುಗಳಲ್ಲಿ ಟೆಂಟು, ಊಟ, ಹೊದಿಕೆ ಎಲ್ಲ ಸಿಗುತ್ತವೆ. ಆದರೆ ಗುಣಮಟ್ಟದಲ್ಲಿ ಬಹಳ ವ್ಯತ್ಯಾಸವಿದೆ. ಒಮ್ಮೆ ನಾವು ಹಣ ಕಟ್ಟಿ ಹೋದ ಒಂದು ಜಾಗದಲ್ಲಿ ಟೆಂಟುಗಳನ್ನು ದರೆಯ ಅಂಚಿಗೇ ಹೂಡಿದ್ದರು, ಧ್ವನಿವರ್ಧಕ ಮಧ್ಯರಾತ್ರಿಯವರೆಗೆ ನಿಲ್ಲಲಿಲ್ಲ, ಐವತ್ತು ಜನರಿಗೆ ಇದ್ದ ಶೌಚಾಲಯ ಎರಡು. ಆಮೇಲೆ ಕಾಯ್ದಿರಿಸುವ ಮೊದಲು ನಾನು ನಾಲ್ಕು ವಿಷಯ ಕೇಳುತ್ತೇನೆ: ಒಂದು ರಾತ್ರಿಗೆ ಎಷ್ಟು ಜನರನ್ನು ಸೇರಿಸುತ್ತೀರಿ, ಶೌಚಾಲಯ ಎಷ್ಟು, ಹಾಡು ಎಷ್ಟು ಗಂಟೆಗೆ ನಿಲ್ಲುತ್ತದೆ, ಜಮೀನಿನ ಪರವಾನಗಿ ಇದೆಯೇ. ಉತ್ತರ ತಡವರಿಸಿದರೆ ಮುನ್ನಾರಿನ ಸಾಧಾರಣ ವಸತಿಗೃಹದಲ್ಲಿ ತಂಗಿ ಬೆಳಗ್ಗೆ ಬೇಗ ಹೊರಡುವುದೇ ಲೇಸು.

ಟಾಪ್ ಸ್ಟೇಷನ್ನಿನಿಂದ ತಮಿಳುನಾಡಿನ ಕುರಂಗಣಿಗೆ ನಡೆದು ಇಳಿಯುವ ಹಾದಿಯ ಬಗ್ಗೆ ಒಂದು ಮಾತನ್ನು ಬಿಡುವಂತಿಲ್ಲ. 2018ರ ಮಾರ್ಚ್ 11ರಂದು ಕುರಂಗಣಿ ಬೆಟ್ಟದ ಕಾಡ್ಗಿಚ್ಚಿನಲ್ಲಿ ಸಿಲುಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. ಒಣಗಿದ ಎತ್ತರದ ಹುಲ್ಲಿನಲ್ಲಿ ಬೆಂಕಿ ಇಳಿಜಾರಿನ ಮೇಲಕ್ಕೆ ಮನುಷ್ಯ ಓಡುವುದಕ್ಕಿಂತ ಬೇಗ ಹತ್ತುತ್ತದೆ. ತಮಿಳುನಾಡು ಅರಣ್ಯ ಇಲಾಖೆಯ ಅನುಮತಿ ಮತ್ತು ಮಾರ್ಗದರ್ಶಕರಿಲ್ಲದೆ ಈ ಹಾದಿಗೆ ಇಳಿಯಬಾರದು. ಫೆಬ್ರವರಿಯ ನಂತರ, ಮೊದಲ ಮಳೆ ಬೀಳುವವರೆಗೆ, ಅನುಮತಿ ಸಿಕ್ಕರೂ ನಾನು ಹೋಗುವುದಿಲ್ಲ.

ಭೋರ್ ಘಾಟ್: ದೂರದಿಂದ ನೋಡುವ ಇತಿಹಾಸ

ಇತಿಹಾಸದ ತೂಕದಲ್ಲಿ ಇದು ನಾಲ್ಕರಲ್ಲಿ ದೊಡ್ಡದು. ಮುಂಬೈಯಿಂದ ಪುಣೆಯ ಕಡೆಗೆ ಘಟ್ಟ ಹತ್ತುವ ಈ ಮಾರ್ಗ 25 ಸುರಂಗಗಳೊಂದಿಗೆ 1863ರಲ್ಲಿ ತೆರೆಯಿತು. ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಭಾರತಕ್ಕೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಅವರ ಪತ್ನಿ ಆಲಿಸ್ ಗುತ್ತಿಗೆಯನ್ನು ತಾವೇ ವಹಿಸಿಕೊಂಡು ಕೆಲಸ ಮುಗಿಸಿಸಿದರು. 1861ರ ಹೊತ್ತಿಗೆ ಅಲ್ಲಿ 40,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ತಿರುಗಲು ಜಾಗವಿಲ್ಲದ ಒಂದು ಏಣಿನಲ್ಲಿ ಗಾಡಿಯನ್ನು ನಿಲ್ಲಿಸಿ, ಎಂಜಿನ್ನನ್ನು ಇನ್ನೊಂದು ತುದಿಗೆ ಕಟ್ಟಿ, ಗಾಡಿಯ ದಿಕ್ಕು ಬದಲಿಸಿ ಮೇಲೆ ಹತ್ತಿಸುತ್ತಿದ್ದರು. 'ರಿವರ್ಸಿಂಗ್ ಸ್ಟೇಷನ್' ಎನಿಸಿಕೊಂಡ ಆ ಜಾಗವನ್ನು 1920ರ ದಶಕದ ಕೊನೆಯಲ್ಲಿ ಹೊಸ ಮಾರ್ಗ ಹಾಕಿ ಕೈಬಿಡಲಾಯಿತು. ಆದರೆ ಅದರ ಅಕ್ಕಪಕ್ಕದಲ್ಲೇ ಇಂದಿನ ಹಳಿಗಳೂ ಎಕ್ಸ್‌ಪ್ರೆಸ್‌ ಹೆದ್ದಾರಿಯೂ ಇರುವುದರಿಂದ ಕಾಲ್ನಡಿಗೆಯಲ್ಲಿ ಹುಡುಕಿಕೊಂಡು ಹೋಗಲು ನಾನು ಹೇಳುವುದಿಲ್ಲ. ಕುರ್‌ವಂಡೆಯ ಕಡೆಯಿಂದ ನಾಗಫಣಿ ಶಿಖರ ಹತ್ತಿ ಇಡೀ ಘಾಟಿಯನ್ನು ಮೇಲಿನಿಂದ ನೋಡಿ, ರಾತ್ರಿಗೆ ರಾಜಮಾಚಿ ಕೋಟೆಯ ಬುಡದ ಹಳ್ಳಿಯಲ್ಲಿ ತಂಗುವುದು ಒಳ್ಳೆಯ ಕ್ರಮ. ಪುಣೆ, ಮುಂಬೈಯಲ್ಲಿರುವ ಕನ್ನಡಿಗರಿಗೆ ಇದು ಒಂದೇ ದಿನದ ಮಾತು. ಬೆಂಗಳೂರಿನಿಂದ ಇದಕ್ಕಾಗಿಯೇ ಹೋಗಬೇಕಿಲ್ಲ.

ಯಾರಿಗೆ ಯಾವುದು

ಉಳಿದದ್ದು ಪರಂಬಿಕುಳಂ ಮತ್ತು ಮುನ್ನಾರ್. ಮಂಡಿ ನೋವಿರುವ ಹಿರಿಯರೂ ಹತ್ತು ವರ್ಷದೊಳಗಿನ ಮಕ್ಕಳೂ ಜೊತೆಗಿದ್ದರೆ ಯೋಚಿಸದೆ ಮುನ್ನಾರಿಗೆ ಹೋಗಿ. ಪ್ರತಿ ಕುರುಹಿನ ಹತ್ತಿರಕ್ಕೂ ವಾಹನ ಹೋಗುತ್ತದೆ, ಆಸ್ಪತ್ರೆ ಹತ್ತಿರದಲ್ಲಿದೆ. ಅಪ್ಪನನ್ನು ಕರೆದುಕೊಂಡು ಹೋದಾಗ ಅವರು ಅಲ್ಯೂಮಿನಿಯಂ ಸೇತುವೆಯ ಮೇಲೆ ನಿಂತು, ಮೊಳಗಳಲ್ಲಿ ಅದರ ಅಗಲ ಅಳೆದು, ಹಳಿಯ ಅಗಲವನ್ನು ಲೆಕ್ಕ ಹಾಕಿ ಹೇಳಿದರು. ಪರಂಬಿಕುಳಂ ಆಗಿದ್ದರೆ ಟೆಂಟಿನ ಬಾಗಿಲಲ್ಲೇ ಕುಳಿತಿರಬೇಕಾಗಿತ್ತು. ಕಾಡಿನ ಮೌನ ಬೇಕು, ಉಂಬಳಕ್ಕೆ ಹೆದರುವುದಿಲ್ಲ, ಕಂಡಷ್ಟರಲ್ಲಿ ತೃಪ್ತಿಪಡುವ ಗುಣವಿದೆ ಎನ್ನುವ ಮೂರು ನಾಲ್ಕು ಜನರ ಗುಂಪಿಗೆ ಪರಂಬಿಕುಳಂ ಕೊಡುವುದನ್ನು ಬೇರಾವ ಜಾಗವೂ ಕೊಡಲಾರದು. ಖರ್ಚಿನಲ್ಲಿ ಪರಂಬಿಕುಳಂ ಮೇಲ್ನೋಟಕ್ಕೆ ಹೆಚ್ಚೆನಿಸಿದರೂ ಆ ಹಣದಲ್ಲಿ ಮಾರ್ಗದರ್ಶಕರು, ಸಫಾರಿ ಸಾಮಾನ್ಯವಾಗಿ ಸೇರಿರುತ್ತವೆ. ಮುನ್ನಾರಿನಲ್ಲಿ ಟೆಂಟು ಅಗ್ಗವಾಗಿ ಕಂಡು ವಾಹನದ ಬಾಡಿಗೆ ಬೆಳೆಯುತ್ತದೆ.

ಸಾರಿಗೆಯಲ್ಲಿ ಎರಡಕ್ಕೂ ರೈಲಿದೆ. ಪರಂಬಿಕುಳಂಗೆ ಕೊಯಮತ್ತೂರಿನಲ್ಲಿ ಇಳಿದು ಪೊಳ್ಳಾಚಿಯ ಮೂಲಕ ಹೋಗಬೇಕು. ಮುನ್ನಾರಿಗೆ ಸಾಮಾನ್ಯವಾಗಿ ಜನ ರಾತ್ರಿ ಬಸ್ಸು ಹಿಡಿಯುತ್ತಾರೆ. ರೈಲಿನ ಕಥೆ ಹುಡುಕಿ ಹೋಗುವವರು ಮಧುರೆಗೆ ಹೋಗಿ, ಬ್ರಾಡ್ ಗೇಜ್ ಆಗಿ 2023ರ ಜೂನ್‌ನಲ್ಲಿ ಮತ್ತೆ ತೆರೆದ ಬೋಡಿ ಮಾರ್ಗದ ಗಾಡಿ ಹತ್ತಿ, ಅಲ್ಲಿಂದ ಘಟ್ಟ ಏರಬಹುದು. ಚಹಾ ಪೆಟ್ಟಿಗೆಗಳು ಇಳಿದ ದಿಕ್ಕಿಗೆ ಎದುರಾಗಿ ಹೋಗುವ ಪ್ರಯಾಣವಿದು, ಸ್ವಲ್ಪ ಸುತ್ತಾದರೂ ನನಗೆ ಹೆಚ್ಚು ಇಷ್ಟ.

ಕಾಲ ಯಾವುದೆಂದರೆ, ಎರಡಕ್ಕೂ ಡಿಸೆಂಬರ್‌ನಿಂದ ಫೆಬ್ರವರಿ ಮೊದಲ ವಾರದವರೆಗೆ. ಮಳೆಗಾಲದಲ್ಲಿ ದರೆ ಕುಸಿಯುತ್ತದೆ, ಕುರುಹುಗಳ ಮೇಲೆ ಸೊಪ್ಪು ಬೆಳೆದು ಏನೂ ಕಾಣದು; ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಕಾಡಿನ ಹಾದಿಗಳನ್ನು ಮುಚ್ಚುತ್ತಾರೆ. ಡಿಸೆಂಬರ್ ಕೊನೆಯ ರಜೆಯಲ್ಲಿ ಮುನ್ನಾರ್ ರಸ್ತೆಯಲ್ಲಿ ವಾಹನಗಳು ನಿಂತಲ್ಲೇ ನಿಲ್ಲುವುದರಿಂದ ಜನವರಿಯ ವಾರದ ನಡುವಿನ ದಿನಗಳನ್ನು ಆರಿಸಿಕೊಳ್ಳುವುದು ಉತ್ತಮ. ದಪ್ಪ ಹೊದಿಕೆ, ಎರಡು ಟಾರ್ಚು, ಪರಂಬಿಕುಳಂಗಾದರೆ ಉಂಬಳ ತಡೆಯುವ ಉದ್ದನೆಯ ಕಾಲುಚೀಲ ಬೇಕೇ ಬೇಕು. ನಡೆಯುವಾಗ ತುಕ್ಕು ಹಿಡಿದ ಮೊಳೆಯೋ ಕಬ್ಬಿಣದ ತುಂಡೋ ಕಂಡರೆ ಅದರ ಚಿತ್ರ ತೆಗೆದುಕೊಂಡು ಇದ್ದಲ್ಲೇ ಬಿಡಬೇಕು. ಸಂರಕ್ಷಿತ ಕಾಡಿನಿಂದ ಏನನ್ನೂ ಹೊರಗೆ ತರುವಂತಿಲ್ಲ, ಮತ್ತು ಆ ಮೊಳೆ ಆ ಜಾಗದಲ್ಲಿದ್ದಾಗ ಮಾತ್ರ ದಾರಿ ಎಲ್ಲಿ ಹಾದುಹೋಗಿತ್ತೆಂದು ಮುಂದೆ ಬರುವವರಿಗೆ ತೋರಿಸುತ್ತದೆ.